ಎಕ್ಸ್‌ಪೋಸ್ಯಾಟ್ ಕಪ್ಪುಕುಳಿಯ ಫೋಟೋ ತೆಗೆಯುತ್ತದೆಯೇ? ಅದು ನಿಜವಾಗಿ ಅಳೆಯುವುದೇನು?

ಕಿತ್ತಳೆ ಬಣ್ಣದ ಉಂಗುರದಂತಹ ಚಿತ್ರ ಹಾಕಿ "ಇಸ್ರೋ ಉಪಗ್ರಹ ತೆಗೆದ ಕಪ್ಪುಕುಳಿ" ಎಂದು ಯಾರಾದರೂ ಕಳಿಸಿದರೆ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ. ಆ ಪ್ರಸಿದ್ಧ ಚಿತ್ರ ಹೊರಬಂದದ್ದು 2019ರ ಏಪ್ರಿಲ್‌ನಲ್ಲಿ. ಬೇರೆ ಬೇರೆ ದೇಶಗಳ ರೇಡಿಯೋ ದೂರದರ್ಶಕಗಳು ಸೇರಿ ತೆಗೆದದ್ದು. ನಮ್ಮ ಎಕ್ಸ್‌ಪೋಸ್ಯಾಟ್ ಶ್ರೀಹರಿಕೋಟಾದಿಂದ ಹಾರಿದ್ದೇ 2024ರ ಜನವರಿ 1ರಂದು. ಅದರ ಮುಖ್ಯ ಉಪಕರಣ 'ಪೋಲಿಕ್ಸ್' ಫೋಟೋ ತೆಗೆಯುವುದೇ ಇಲ್ಲ. ಅದು ಅಳೆಯುವುದು ಎಕ್ಸ್-ರೇಗಳ ಧ್ರುವೀಕರಣವನ್ನು.

ಹಾಗೆಂದರೇನು? ಮನೆಯಲ್ಲಿ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಹಾಕಿಕೊಂಡು, ಮೊಬೈಲನ್ನು ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಹಲವು ಫೋನ್‌ಗಳಲ್ಲಿ ಒಂದು ಕೋನಕ್ಕೆ ಬಂದಾಗ ಪರದೆ ಮಂಕಾಗುತ್ತದೆ. ಬಲ್ಬಿನ ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕಂಪಿಸುತ್ತದೆ, ಇಂತಹ ಪರದೆಯ ಬೆಳಕು ಒಂದೇ ದಿಕ್ಕಿಗೆ. ಒಂದೇ ದಿಕ್ಕಿನ ಈ ಕಂಪನವೇ ಧ್ರುವೀಕರಣ.

ಎಕ್ಸ್-ರೇ ಕೂಡ ಬೆಳಕೇ. ಆದರೆ ಕನ್ನಡಕದ ಉಪಾಯ ಅದರ ಮುಂದೆ ನಡೆಯುವುದಿಲ್ಲ, ತೂರಿಕೊಂಡು ಹೋಗಿಬಿಡುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಕಟ್ಟಿದ ಪೋಲಿಕ್ಸ್‌ನಲ್ಲಿ ಬೇರೆಯೇ ದಾರಿ ಇದೆ. ನಡುವೆ ಬೆರಿಲಿಯಮ್ ಎಂಬ ಹಗುರ ಲೋಹ, ಸುತ್ತ ಅನಿಲ ತುಂಬಿದ ನಾಲ್ಕು ಪತ್ತೆಯಂತ್ರಗಳು. ಲೋಹಕ್ಕೆ ಬಡಿದ ಎಕ್ಸ್-ರೇ ಚದುರುತ್ತದೆ. ಕಂಪನದ ದಿಕ್ಕಿಗೆ ಅಡ್ಡಲಾಗಿ ಹೆಚ್ಚು, ಅದೇ ದಿಕ್ಕಿಗೆ ಕಡಿಮೆ. ಉಪಗ್ರಹ ನಿಧಾನವಾಗಿ ಸುತ್ತುತ್ತಾ ಯಾವ ಕೋನದಲ್ಲಿ ಎಷ್ಟು ಬಂತು ಎಂದು ಎಣಿಸುತ್ತದೆ. ಹೀಗೆ ಸಿಗುವ ಕಣಗಳು ತೀರ ಕಡಿಮೆ. ಆದ್ದರಿಂದ ಒಂದೇ ಆಕಾಶಕಾಯವನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೋಡಬೇಕು. ಕೊನೆಗೆ ಕೈಗೆ ಬರುವುದು ಎರಡು ಸಂಖ್ಯೆ: ಎಷ್ಟು ಶೇಕಡಾ ಧ್ರುವೀಕರಣ, ಯಾವ ಕೋನದಲ್ಲಿ.

ಎರಡೇ ಸಂಖ್ಯೆ ಎಂದು ಅಸಡ್ಡೆ ಬೇಡ. 1970ರ ದಶಕದಲ್ಲಿ ಅಮೆರಿಕದ ಓಎಸ್ಓ-8 ಉಪಗ್ರಹ ಏಡಿ ನೀಹಾರಿಕೆಯ ಎಕ್ಸ್-ರೇಗಳಲ್ಲಿ ಸುಮಾರು 19% ಧ್ರುವೀಕರಣ ಕಂಡಿತು. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳೇ ಅದರ ಮೂಲ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. ಎಷ್ಟೇ ಚೆಂದದ ಫೋಟೋ ನೋಡಿದರೂ ಇದು ತಿಳಿಯುತ್ತಿರಲಿಲ್ಲ. ಪೋಲಿಕ್ಸ್ ಕೂಡ 2024ರ ಜನವರಿಯಲ್ಲಿ ಮೊದಲು ತಿರುಗಿದ್ದು ಏಡಿ ನೀಹಾರಿಕೆಯ ಕಡೆಗೇ.

ಇನ್ನು ಭಯದ ಮಾತು: ಎಕ್ಸ್‌ಪೋಸ್ಯಾಟ್ ನಮ್ಮ ಮೇಲೆ ಎಕ್ಸ್-ರೇ ಬಿಡುವುದಿಲ್ಲ, ದೂರದಿಂದ ಬಂದದ್ದನ್ನು ಹಿಡಿಯುತ್ತದೆ ಅಷ್ಟೆ. ಆಕಾಶದ ಎಕ್ಸ್-ರೇಗಳನ್ನು ವಾತಾವರಣವೇ ತಡೆಯುವುದರಿಂದ ಅದು ಸುಮಾರು 650 ಕಿ.ಮೀ. ಎತ್ತರಕ್ಕೆ ಹೋಗಬೇಕಾಯಿತು. ಅದರ ಕಕ್ಷೆ ಸಮಭಾಜಕದಿಂದ ಸುಮಾರು 6 ಡಿಗ್ರಿ ಮಾತ್ರ ವಾಲಿದೆ, ದೊಡ್ಡಬಳ್ಳಾಪುರ ಇರುವುದು 13 ಡಿಗ್ರಿಗಿಂತ ಮೇಲೆ. ನಮ್ಮ ನೆತ್ತಿಯ ಮೇಲೆ ಅದು ಹಾದುಹೋಗುವುದೂ ಇಲ್ಲ.