ತುರ್ಕಿ ಚಕ್ರಾಧಿಪತ್ಯದ ಸುಧಾರಣೆಗಳೂ ಬೊಕ್ಕಸದ ಸಮಸ್ಯೆಯೂ

ಆಟೊಮನ್ ತುರ್ಕಿ ಚಕ್ರಾಧಿಪತ್ಯದ ಅವನತಿಯನ್ನು ಕುರಿತು ಬರೆದವರಲ್ಲಿ ಅನೇಕರು ಅದರ ಕಾರಣವನ್ನು ಸುಲ್ತಾನರ ವಿಲಾಸದಲ್ಲಿಯೂ ಅಧಿಕಾರಿಗಳ ಆಲಸ್ಯದಲ್ಲಿಯೂ ಅರಸಿದ್ದಾರೆ. ‘ಯೂರೋಪಿನ ರೋಗಿ’ ಎಂಬ ಹೆಸರು ಈ ಭಾವನೆಗೆ ಮತ್ತಷ್ಟು ಪುಷ್ಟಿಯನ್ನಿತ್ತಿತು. ಆದರೆ 19ನೆಯ ಶತಮಾನದ ಆ ರಾಜ್ಯದ ಚರಿತ್ರೆಯನ್ನು ಪರಿಶೀಲಿಸಿದರೆ, ಸೈನ್ಯ, ನ್ಯಾಯ, ಭೂಹಕ್ಕು, ಪ್ರಾಂತಾಡಳಿತ, ವಿದ್ಯಾಭ್ಯಾಸ ಈ ಎಲ್ಲ ಕ್ಷೇತ್ರಗಳಲ್ಲಿಯೂ ಸುಧಾರಣೆಗಳು ನಡೆದುದು ಕಂಡುಬರುತ್ತದೆ. ಆದುದರಿಂದ ತುರ್ಕರು ಸುಧಾರಿಸಲಿಲ್ಲವೇಕೆ ಎಂಬುದಕ್ಕಿಂತ, ಸುಧಾರಿಸಿಯೂ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲಾರದೆ ಹೋದುದೇಕೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ಉತ್ತರದ ಬಹುಭಾಗವು ರಾಜ್ಯದ ಬೊಕ್ಕಸದಲ್ಲಿ ದೊರೆಯುತ್ತದೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಸುಧಾರಣೆಯು ಮೊದಲಾದುದು ಸೈನ್ಯದಿಂದ. ಮೂರನೆಯ ಸಲೀಮನು 1793ರಲ್ಲಿ ಯೂರೋಪಿನ ಮಾದರಿಯ ಹೊಸ ದಂಡನ್ನು ಕಟ್ಟತೊಡಗಿದನು; 1807ರ ದಂಗೆಯಲ್ಲಿ ಸಿಂಹಾಸನವನ್ನೇ ಕಳೆದುಕೊಂಡನು. ಎರಡನೆಯ ಮಹಮೂದನು 1826ರಲ್ಲಿ ಜಾನಿಸರಿ ದಂಡನ್ನು ನಿರ್ಮೂಲಮಾಡಿ ಆ ಅಡ್ಡಿಯನ್ನು ನಿವಾರಿಸಿದನು. ಆದರೆ ಹೊಸ ಸೈನ್ಯಕ್ಕೆ ತಿಂಗಳು ತಿಂಗಳೂ ಸಂಬಳ ಸಲ್ಲಬೇಕು; ಆಯುಧ, ಸಮವಸ್ತ್ರ, ಶಾಲೆಗಳು ಬೇಕು. ಇವೆಲ್ಲಕ್ಕೂ ನಗದು ಹಣವೇ ಆಧಾರ. ಹೀಗೆ ಸೈನ್ಯದ ಸುಧಾರಣೆಯು ತೆರಿಗೆಯ ಸುಧಾರಣೆಯನ್ನು ಅನಿವಾರ್ಯವಾಗಿಸಿತು.

1839ರ ನವೆಂಬರ್ 3ರಂದು ಘೋಷಿತವಾದ ಗುಲ್‌ಹಾನೆಯ ಫರ್ಮಾನು ಪ್ರಜೆಗಳ ಪ್ರಾಣ, ಮಾನ, ಸ್ವತ್ತುಗಳಿಗೆ ರಕ್ಷಣೆಯನ್ನು ಸಾರಿತು. ಕಂದಾಯದ ಇಜಾರೆ ಪದ್ಧತಿಯನ್ನು ಖಂಡಿಸಿತು. ಈ ಪದ್ಧತಿಯಲ್ಲಿ ಸರ್ಕಾರವು ತೆರಿಗೆಯೆತ್ತುವ ಹಕ್ಕನ್ನು ಹರಾಜು ಹಾಕುತ್ತಿತ್ತು. ಇಜಾರದಾರನು ಮುಂಗಡವಾಗಿ ಹಣವಿತ್ತು, ಅದಕ್ಕಿಂತ ಹೆಚ್ಚಿನದನ್ನು ರೈತನಿಂದ ವಸೂಲುಮಾಡುತ್ತಿದ್ದನು. ಇದಕ್ಕೆ ಬದಲಾಗಿ 1840ರಲ್ಲಿ ಸಂಬಳದ ಅಧಿಕಾರಿಗಳನ್ನು ನೇಮಿಸಲಾಯಿತು. ಆದರೆ ಭೂಮಿಯ ಸಮರ್ಪಕವಾದ ಮೋಜಣಿಯಿರಲಿಲ್ಲ, ನುರಿತ ಅಧಿಕಾರಿಗಳು ಸಾಲದಾಗಿದ್ದರು, ವರಮಾನವು ಕುಸಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಇಜಾರೆಯು ಹಿಂದಿರುಗಿತು. ರೈತನು ತೆತ್ತುದಕ್ಕೂ ಬೊಕ್ಕಸವನ್ನು ಮುಟ್ಟಿದುದಕ್ಕೂ ನಡುವಣ ಅಂತರವು ಮಧ್ಯವರ್ತಿಗಳ ಪಾಲಾಯಿತು. ದಶಮಾಂಶ ತೆರಿಗೆಯು ಕೊನೆಗೊಂಡುದು ಚಕ್ರಾಧಿಪತ್ಯವೇ ಅಳಿದ ಮೇಲೆ, 1925ರಲ್ಲಿ.

ನೆಲದ ಕಂದಾಯವು ಕೈಗೂಡದಿದ್ದಾಗ ರಾಜ್ಯಗಳು ಸಾಮಾನ್ಯವಾಗಿ ಗಡಿಯ ಸುಂಕದತ್ತ ತಿರುಗುತ್ತವೆ. ತುರ್ಕಿಗೆ ಆ ದಾರಿಯೂ ಮುಚ್ಚಿತ್ತು. 1838ರಲ್ಲಿ ಬ್ರಿಟನ್ನಿನೊಡನೆ ಆದ ಬಾಲ್ಟಾ ಲಿಮಾನ್ ಒಪ್ಪಂದವು ಸರ್ಕಾರದ ಏಕಸ್ವಾಮ್ಯಗಳನ್ನು ರದ್ದುಗೊಳಿಸಿ, ಆಮದಿನ ಮೇಲೆ ಶೇಕಡ 5, ರಫ್ತಿನ ಮೇಲೆ ಶೇಕಡ 12ರಷ್ಟು ಸುಂಕವನ್ನು ಗೊತ್ತುಮಾಡಿತು. ಸ್ವದೇಶದ ಸರಕಿಗೆ ಪರದೇಶದ ಸರಕಿಗಿಂತ ಹೆಚ್ಚಿನ ಸುಂಕ! ಈಜಿಪ್ಟಿನ ಮಹಮದಾಲಿಯ ವಿರುದ್ಧ ಬ್ರಿಟನ್ನಿನ ಬೆಂಬಲವು ಅತ್ಯಗತ್ಯವಾಗಿದ್ದುದರಿಂದ ಸುಲ್ತಾನನು ಇದಕ್ಕೆ ಒಪ್ಪಿದನು. ತರುವಾಯ ಸುಂಕದ ದರಗಳು ಮಾರ್ಪಟ್ಟರೂ, ಇತರ ಶಕ್ತಿಗಳ ಸಮ್ಮತಿಯಿಲ್ಲದೆ ಅವನ್ನು ಏರಿಸುವ ಸ್ವಾತಂತ್ರ್ಯ ದೊರೆಯಲಿಲ್ಲ. 1840ರ ದಶಕದಲ್ಲಿ ರಾಜಧಾನಿಯ ಸುತ್ತಮುತ್ತ ಸರ್ಕಾರವು ಸ್ಥಾಪಿಸಿದ ಕಬ್ಬಿಣ, ಬಟ್ಟೆಗಳ ಕಾರ್ಖಾನೆಗಳಲ್ಲಿ ಬಹುಪಾಲು ಏಳಿಗೆ ಹೊಂದದಿರಲು ಈ ಸುಂಕನೀತಿಯೂ ಒಂದು ಕಾರಣ.

ಉಳಿದುದು ಸಾಲ. ಕ್ರಿಮಿಯ ಯುದ್ಧದ ವೆಚ್ಚಕ್ಕಾಗಿ 1854ರಲ್ಲಿ ಮೊದಲ ವಿದೇಶೀ ಸಾಲವನ್ನು ಎತ್ತಲಾಯಿತು. ಬಳಿಕ ಸಾಲದ ಮೇಲೆ ಸಾಲ ಬೆಳೆಯಿತು. ಪತ್ರಗಳು ಮುಖಬೆಲೆಗಿಂತ ಬಹಳ ಕಡಿಮೆಗೆ ಮಾರಾಟವಾಗುತ್ತಿದ್ದುದರಿಂದ ಕೈಸೇರಿದ ಹಣಕ್ಕಿಂತ ಹೊತ್ತ ಋಣವೇ ದೊಡ್ಡದಾಯಿತು. ಬಂದ ಹಣದಲ್ಲಿ ಬಹುಭಾಗವು ಯುದ್ಧನೌಕೆ, ಅರಮನೆ, ಹಳೆಯ ಸಾಲದ ಬಡ್ಡಿಗಳಿಗೆ ವ್ಯಯವಾಯಿತು. 1875ರ ವೇಳೆಗೆ ಋಣವು ಸುಮಾರು 20 ಕೋಟಿ ಪೌಂಡುಗಳಾಗಿತ್ತು. ಆ ವರ್ಷ ಸರ್ಕಾರವು ಪೂರ್ಣ ಬಡ್ಡಿಯನ್ನು ತೆರಲಾರೆನೆಂದು ಘೋಷಿಸಿತು. 1876ರ ಸಂವಿಧಾನವೂ ಮುಂದಿನ ವರ್ಷ ಸೇರಿದ ಸಂಸತ್ತೂ ಈ ದಿವಾಳಿಯ ನೆರಳಿನಲ್ಲೇ ಹುಟ್ಟಿದವು. 1878ರಲ್ಲಿ ಅಬ್ದುಲ್ ಹಮೀದನು ಸಂಸತ್ತನ್ನು ಮುಚ್ಚಿದನು. 1881ರಲ್ಲಿ ಸಾಲಗಾರರೊಡನೆ ರಾಜಿಯಾಗಿ ಋಣಾಡಳಿತ ಮಂಡಲಿಯು ಸ್ಥಾಪಿತವಾಯಿತು. ಋಣದ ಮೊತ್ತವೇನೋ ತಗ್ಗಿತು. ಆದರೆ ಉಪ್ಪು, ಹೊಗೆಸೊಪ್ಪು, ಮದ್ಯ, ಮೀನು, ರೇಷ್ಮೆ, ಸ್ಟಾಂಪು ಇವುಗಳ ಆದಾಯವು ಯೂರೋಪಿನ ಸಾಲಪತ್ರದಾರರ ಪ್ರತಿನಿಧಿಗಳೇ ಬಹುಸಂಖ್ಯಾತರಾಗಿದ್ದ ಆ ಮಂಡಲಿಯ ಅಧೀನವಾಯಿತು.

ಸುಂಕದ ನಿರ್ಬಂಧವೊಂದೇ ಪತನಕ್ಕೆ ಕಾರಣವೆನ್ನುವಂತಿಲ್ಲ. ಜಪಾನಿನ ಮೇಲೆಯೂ 1866ರಲ್ಲಿ ಸುಮಾರು ಶೇಕಡ 5ರ ಸುಂಕವನ್ನೇ ಹೇರಲಾಗಿತ್ತು. ಸುಂಕದ ಪೂರ್ಣ ಸ್ವಾತಂತ್ರ್ಯ ಅದಕ್ಕೆ ದೊರೆತುದು 1911ರಲ್ಲಿ. ಆದರೆ ಜಪಾನು 1871ರಲ್ಲಿ ಪಾಳೆಯಪಟ್ಟುಗಳನ್ನು ರದ್ದುಮಾಡಿ, 1873ರಲ್ಲಿ ಭೂಮಿಯ ಬೆಲೆಯ ಶೇಕಡ 3ರಷ್ಟು ಕಂದಾಯವನ್ನು ನಗದಾಗಿ ತಾನೇ ವಸೂಲುಮಾಡಿತು. ವಿದೇಶೀ ಸಾಲವನ್ನು ಅದು ಬಹು ಮಿತವಾಗಿ ಬಳಸಿತು. ಈ ಕ್ರಮದ ಭಾರವನ್ನು ಹೊತ್ತವನು ಅಲ್ಲಿಯೂ ರೈತನೇ. ಅವರ ದಂಗೆಗಳ ಫಲವಾಗಿ 1877ರಲ್ಲಿ ದರವು ಶೇಕಡ 2.5ಕ್ಕೆ ಇಳಿಯಿತು. ತುರ್ಕಿಯಂತೆ ಬಹುಜನಾಂಗಗಳ ನಾಡನ್ನು ರಷ್ಯದ ನೆರೆಯಲ್ಲಿ ಕಾಯುವ ಕಷ್ಟವು ಜಪಾನಿಗಿರಲಿಲ್ಲವೆಂಬುದನ್ನೂ ಮರೆಯಬಾರದು. ಆದರೂ ಮಧ್ಯವರ್ತಿಗಳನ್ನು ತೊಡೆದುಹಾಕಿದ ರಾಜ್ಯಕ್ಕೂ ಹಾಕಲಾರದ ರಾಜ್ಯಕ್ಕೂ ಇರುವ ವ್ಯತ್ಯಾಸವು ಇಲ್ಲಿ ಸ್ಪಷ್ಟವಾಗಿದೆ.

ಪಾಶ್ಚಾತ್ಯರ ಒತ್ತಡವು ಸುಧಾರಣೆಯನ್ನು ಅಗತ್ಯಗೊಳಿಸಿತು. ಅದೇ ಒತ್ತಡವು ಸುಧಾರಣೆಗೆ ಬೇಕಾದ ಹಣದ ದಾರಿಯನ್ನು ಕಿರಿದುಗೊಳಿಸಿತು. ಒಳಗಿನ ಇಜಾರದಾರರು ಉಳಿದ ದಾರಿಯನ್ನೂ ಕಟ್ಟಿದರು. ವಿದೇಶೀಯರ ವಿಶೇಷ ಹಕ್ಕುಗಳು 1923ರ ಲೋಸಾನ್ ಕೌಲಿನಿಂದ ಕೊನೆಗೊಂಡವು. ಚಕ್ರಾಧಿಪತ್ಯದ ಋಣದಲ್ಲಿ ತನ್ನ ಪಾಲಿಗೆ ಬಂದುದರ ಕೊನೆಯ ಕಂತನ್ನು ತುರ್ಕಿ ಗಣರಾಜ್ಯವು ತೀರಿಸಿದುದು 1954ರಲ್ಲಿ, ಮೊದಲ ಸಾಲವನ್ನೆತ್ತಿ ಸರಿಯಾಗಿ ನೂರು ವರ್ಷಗಳಾದ ಮೇಲೆ.