ಬೀದರ ಸೀಮೆಯಲ್ಲಿ ಅಧ್ಯಾಪಕಶಿಕ್ಷಣದ ಇತಿಹಾಸ

ವಿದ್ಯಾಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಕಟ್ಟಡಗಳ ವಿಸ್ತಾರವನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ದಾನಿಗಳ ಔದಾರ್ಯವನ್ನೂ ವಿವರಿಸುವದು ರೂಢಿಯಾಗಿದೆ. ಆದರೆ ಕಲಿಸುವವನು ಎಲ್ಲಿ ಕಲಿತನು, ಕಾಲವು ಬದಲಾದಾಗ ಮರಳಿ ಹೇಗೆ ಕಲಿತನು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಬೀದರ, ಭಾಲ್ಕಿ, ಔರಾದಗಳ ಸೀಮೆಗೆ ಈ ಪ್ರಶ್ನೆಯು ವಿಶೇಷವಾಗಿ ಸಲ್ಲುವದು. ಏಕೆಂದರೆ ಸುಮಾರು ನೂರು ವರ್ಷಗಳ ಅವಧಿಯೊಳಗೆ ಇಲ್ಲಿಯ ಅಧ್ಯಾಪಕವರ್ಗಕ್ಕೆ ಮೂರು ದೊಡ್ಡ ಪಲ್ಲಟಗಳು ಒದಗಿಬಂದವು: ಪಾಠದ ಭಾಷೆ ಬದಲಾಯಿತು, ವಿಶ್ವವಿದ್ಯಾಲಯ ಬದಲಾಯಿತು, ಪಾಠದ ಸಾಧನಗಳು ಬದಲಾದವು. ಪ್ರತಿಯೊಂದು ಪಲ್ಲಟದಲ್ಲಿಯೂ ಗುರುವು ಮತ್ತೆ ಶಿಷ್ಯನಾಗಿ ಕುಳಿತುಕೊಳ್ಳಬೇಕಾಯಿತು. ಅವನನ್ನು ಹಾಗೆ ಕೂಡ್ರಿಸಿ ಕಲಿಸುವ ಏರ್ಪಾಡು ಎಲ್ಲಿ ಇದ್ದಿತು, ಎಲ್ಲಿ ಇರಲಿಲ್ಲ ಎಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಬೀದರ ನಗರದೊಳಗೆ ಇಂದಿಗೂ ನಿಂತಿರುವ ಮದರಸೆಯಿಂದಲೇ ಈ ಕಥೆಯನ್ನು ಆರಂಭಿಸುವದು ಯುಕ್ತವಾಗಿದೆ. ಬಹಮನಿ ಸುಲ್ತಾನನ ಪ್ರಧಾನಿಯಾಗಿದ್ದ ಮಹಮೂದ ಗವಾನನು ಇದನ್ನು 1472ರಲ್ಲಿ ಕಟ್ಟಿಸಿದನು. ಆತನು ಪರ್ಶಿಯಾ ದೇಶದ ಗೀಲಾನ ಪ್ರಾಂತದವನು, ಸ್ವತಃ ಪಂಡಿತನು. ಪತ್ರಲೇಖನದ ಕಲೆಯನ್ನು ಬೋಧಿಸುವ 'ಮನಾಝಿರ್-ಉಲ್-ಇನ್ಶಾ' ಎಂಬ ಗ್ರಂಥವನ್ನು ರಚಿಸಿದವನು. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ಪಾಠದ ಸಭಾಂಗಣಗಳು, ಗ್ರಂಥಾಲಯ, ಪ್ರಾರ್ಥನಾಮಂದಿರ ಇದ್ದಂತೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಇದ್ದವು. ಗುರುಶಿಷ್ಯರು ಒಂದೇ ಚಾವಣಿಯ ಕೆಳಗೆ ಇರುವದರಿಂದ ಪಾಠವು ಗಂಟೆಯ ಹೊಡೆತಕ್ಕೆ ಮುಗಿಯುವದಿಲ್ಲವೆಂಬ ತಿಳಿವಳಿಕೆಯು ಆ ಕಟ್ಟಡದ ರಚನೆಯಲ್ಲಿಯೇ ಕಾಣಬರುತ್ತದೆ. ಆದರೆ 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಗವಾನನ ವಧೆಯಾಯಿತು. 1696ರಲ್ಲಿ, ಔರಂಗಜೇಬನ ಆಳಿಕೆಯಲ್ಲಿ, ಅಲ್ಲಿ ಸಂಗ್ರಹಿಸಿದ್ದ ಮದ್ದು ಸಿಡಿದು ಮುಂಭಾಗದ ಬಹುಪಾಲೂ ಒಂದು ಮಿನಾರವೂ ಹಾಳಾದವು. ಗ್ರಂಥಗಳಿದ್ದ ಮನೆಯಲ್ಲಿ ಮದ್ದನ್ನು ತುಂಬಿದ ಕಾಲವು ಅದು! ಉಳಿದ ಒಂದು ಮಿನಾರವನ್ನೂ ಅದರ ಮೇಲಿನ ಬಣ್ಣದ ಹೆಂಚುಗಳನ್ನೂ ನೋಡಿ ಪ್ರವಾಸಿಗರು ಇಂದಿಗೂ ಬೆರಗಾಗುವರು. ಕಟ್ಟಡವು ನಿಂತಿತು, ಪಾಠವು ನಿಂತುಹೋಯಿತು.

ಅರಮನೆಯ ಆಶ್ರಯವಿಲ್ಲದ ಹಳ್ಳಿಗಳಲ್ಲಿ ವಿದ್ಯೆಯು ಬೇರೊಂದು ದಾರಿಯಿಂದ ನಡೆಯಿತು. ಕನ್ನಡ ನಾಡಿನ ಊರೂರುಗಳಲ್ಲಿ ಮಠದ ಅಯ್ಯಗಳೇ ಮಕ್ಕಳಿಗೆ ಅಕ್ಷರವನ್ನೂ ಮಗ್ಗಿಯನ್ನೂ ಹೇಳಿಕೊಡುತ್ತಿದ್ದರು. ಆ ಶಾಲೆಯ ಸಾಧನಗಳು ಬಹಳ ಸರಳವಾದವು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವದು. ಕೈ ಕುದುರಿದ ತರುವಾಯ ಕಡತ. ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆ ಮಾಡಿದರೆ ಕಡತವಾಗುವದು. ಬಳಪದಿಂದ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು. ಹಿರಿಯ ಹುಡುಗನು ಕಿರಿಯರಿಗೆ ಪಾಠ ಒಪ್ಪಿಸಿಕೊಳ್ಳುತ್ತ ತಾನೂ ಕಲಿಸುವದನ್ನು ಕಲಿಯುತ್ತಿದ್ದನು. ಇಲ್ಲಿ ಅಧ್ಯಾಪಕಶಿಕ್ಷಣವು ಬೇರೆ ಸಂಸ್ಥೆಯಾಗಿರಲಿಲ್ಲ. ಅದು ಶಾಲೆಯೊಳಗೇ ಅಡಗಿತ್ತು.

ಈ ದೇಶೀಯ ಕ್ರಮವನ್ನು ಹೊರಗಿನವರು ಗಮನಿಸದೆ ಇರಲಿಲ್ಲ. ಸ್ಕಾಟ್ಲಂಡದ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದಾಗ ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವದನ್ನು ಕಂಡು, ಅದೇ ರೀತಿಯನ್ನು ತನ್ನ ಶಾಲೆಯಲ್ಲಿ ಹಿಡಿದನು. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. 1797ರಲ್ಲಿ ಆತನು ಪ್ರಕಟಿಸಿದ ಪುಸ್ತಕದಿಂದ ಈ 'ಮದರಾಸು ಪದ್ಧತಿ'ಯು ಇಂಗ್ಲಂಡದ ಶಾಲೆಗಳಲ್ಲಿ ಹಬ್ಬಿತು. ಅನಂತರ ಯುರೋಪಿನ ಮಾದರಿಯ ನಾರ್ಮಲ್ ಶಾಲೆಗಳು, ಅಂದರೆ ಶಿಕ್ಷಕರನ್ನು ತಯಾರಿಸುವ ಶಾಲೆಗಳು, ನಮ್ಮ ದೇಶಕ್ಕೆ ಬಂದವು. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಶಿಕ್ಷಕರ ತರಬೇತಿಗಾಗಿ ಶ್ರಮಿಸಿದರು. ನಿಜಾಮರ ಸಂಸ್ಥಾನದೊಳಗಿದ್ದ ಬೀದರಕ್ಕೆ ಆ ಬಗೆಯ ನೆರವು ಎಟುಕಲಿಲ್ಲ.

ಸಂಸ್ಥಾನದ ರಾಜಭಾಷೆಯು ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಉಚ್ಚಶಿಕ್ಷಣವನ್ನು ಉರ್ದುವಿನಲ್ಲಿ ಕೊಡತೊಡಗಿತು. ಅದರ ಕಾರ್ಯಕ್ರಮದಲ್ಲಿ ಒಂದು ಸಂಗತಿಯು ವಿಚಾರಾರ್ಹವಾಗಿದೆ. ಪಾಠಗಳು ಆರಂಭವಾಗುವ ಮೊದಲೇ ಭಾಷಾಂತರದ ಕಚೇರಿಯೊಂದನ್ನು ತೆರೆದು, ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರುವ ಕೆಲಸಕ್ಕೆ ಕೈಹಾಕಿದರು. ಅಧ್ಯಾಪಕನಿಗೆ ಹೊಸ ಭಾಷೆಯಲ್ಲಿ ಕಲಿಸೆಂದು ಹೇಳುವದಾದರೆ ಅವನ ಕೈಯಲ್ಲಿ ಪುಸ್ತಕವನ್ನೂ ಪರಿಭಾಷೆಯನ್ನೂ ಇಡಬೇಕೆಂಬ ವಿವೇಕವು ಅದರಲ್ಲಿ ಇತ್ತು. ಆದರೆ ಆ ವಿವೇಕದ ಫಲವು ಕನ್ನಡ ಮಕ್ಕಳಿಗೆ ದೊರೆಯಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬ ಕಷ್ಟವು ಅವರ ಪಾಲಿಗೆ ಬಂದಿತು.

ಈ ಕಷ್ಟದ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರು ಮಾಡಿದ ಕಾರ್ಯವನ್ನು ಈ ಸೀಮೆಯ ಜನರು ಮರೆಯಲಾರರು. ಅಂದು ಔರಾದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಿನ ಸ್ಥಳವಾಗಿರುವ ಕಮಲನಗರದಲ್ಲಿ 1890ರಲ್ಲಿ ಜನಿಸಿದ ಪೂಜ್ಯರು 1999ರಲ್ಲಿ ಲಿಂಗೈಕ್ಯರಾಗುವವರೆಗೆ ಒಂದು ಶತಮಾನಕ್ಕೂ ಮಿಕ್ಕಿ ಬಾಳಿದರು. ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬ ಮಾತು ಭಾಲ್ಕಿಯ ಮನೆಮನೆಯಲ್ಲಿ ಕೇಳಬರುವದು. ಭಕ್ತರು ಅದನ್ನು ಧೈರ್ಯದ ಕಥೆಯಾಗಿ ಹೇಳುವರು; ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಉಂಟು. ಫಲಕವನ್ನು ತೂಗಹಾಕುವದು ಒಬ್ಬನಿಂದ ಆಗುವ ಕೆಲಸ. ಒಳಗೆ ಕನ್ನಡ ಕಲಿಸಲು ಕನ್ನಡ ಬಲ್ಲ ಮಾಸ್ತರರು ಬೇಕು, ಅವರಿಗೆ ಊಟ ವಸತಿಗಳು ಬೇಕು, ಸರಕಾರದ ಅಂಜಿಕೆಯಲ್ಲಿಯೂ ಅವರು ನಿಲ್ಲುವಂತೆ ಮಾಡುವ ಆಸರೆ ಬೇಕು. ಮಠದ ದಾಸೋಹವು ಹೊಟ್ಟೆಗೆ ಮಾತ್ರ ಮೀಸಲಾಗಿರದೆ ವಿದ್ಯೆಗೂ ಸಂದದ್ದು ಹೀಗೆ. ಬೀದರದ ಮದರಸೆಯಲ್ಲಿ ಕಟ್ಟಡವಿದ್ದೂ ಪಾಠವು ಉಳಿಯಲಿಲ್ಲ. ಭಾಲ್ಕಿಯಲ್ಲಿ ಹೇಳಿಕೊಳ್ಳುವಂಥ ಕಟ್ಟಡವಿಲ್ಲದಾಗಲೂ ಪಾಠವು ನಡೆಯಿತು.

1948ರ ಸಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದ ಅಂಗವಾಯಿತು. ಜನರಿಗೆ ಇದು ಬಿಡುಗಡೆಯೂ ಹಬ್ಬವೂ ಆಗಿತ್ತು. ಉರ್ದುವಿನಲ್ಲಿಯೇ ಗಣಿತವನ್ನೂ ಭೂಗೋಳವನ್ನೂ ಕಲಿತು, ಉರ್ದುವಿನಲ್ಲಿಯೇ ಕಲಿಸುತ್ತ ಬಂದ ಮಾಸ್ತರನಿಗೆ ಮಾತ್ರ ಇದೇ ಬಿಡುಗಡೆಯು ಹೊಸ ಪರೀಕ್ಷೆಯೂ ಆಯಿತು. ಮನೆಯಲ್ಲಿ ಕನ್ನಡವಾಡುವವನಿಗೂ ತ್ರಿಕೋನ, ಭಿನ್ನರಾಶಿ, ಅಕ್ಷಾಂಶಗಳೆಂಬ ಶಬ್ದಗಳು ಹೊಸವೇ. ಔರಾದ ಕಡೆಯ ಗಡಿಯ ಹಳ್ಳಿಗಳಲ್ಲಿ ಮರಾಠಿಯು ಮನೆಮಾತಾಗಿರುವ ಕುಟುಂಬಗಳು ಅನೇಕ. ಅಲ್ಲಿಯ ಶಿಕ್ಷಕನು ಒಂದು ಭಾಷೆಯಲ್ಲಿ ಕಲಿತು, ಇನ್ನೊಂದರಲ್ಲಿ ಕಲಿಸಿ, ಮೂರನೆಯದರಲ್ಲಿ ತಿಳಿಸಿಹೇಳಬೇಕಾಗಿತ್ತು. ಅವನು ರಾತ್ರಿ ದೀಪದ ಬೆಳಕಿನಲ್ಲಿ ತಾನು ಕಲಿತು, ಮರುದಿನ ಅದನ್ನೇ ಮಕ್ಕಳಿಗೆ ಹೇಳಬೇಕಾದ ಕಾಲವದು. ಅಂಥವರ ಶ್ರಮಕ್ಕೆ ಶಾಸನವಿಲ್ಲ, ಪ್ರಶಸ್ತಿಪತ್ರವಿಲ್ಲ. ಈ ಸೀಮೆಯ ಇಂದಿನ ಕನ್ನಡವು ಅವರ ಋಣದಲ್ಲಿದೆ.

ಭಾಷೆಯಂತೆ ವಿಶ್ವವಿದ್ಯಾಲಯವೂ ಬದಲಾಯಿತು. ಉಸ್ಮಾನಿಯಾದ ಬಳಿಕ ಬೀದರದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮೊಗಮಾಡಿದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಅದಕ್ಕೆ ಸೇರಿದವು. ಪಠ್ಯಕ್ರಮಗಳು, ಪರೀಕ್ಷೆಯ ರೀತಿಗಳು ಪ್ರತಿಸಲವೂ ಮಾರ್ಪಟ್ಟವು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕನಿಗೆ ತರಬೇತಿಯು ಅವಶ್ಯ, ಪ್ರೌಢಶಾಲೆಯವನಿಗೆ ಬಿ.ಎಡ್. ಪದವಿಯು ಅವಶ್ಯ. ಕಾಲೇಜಿನ ಅಧ್ಯಾಪಕನಿಗೆ ಮಾತ್ರ ವಿಷಯಜ್ಞಾನವಿದ್ದರೆ ಸಾಕೆಂದು ಎಣಿಸಲಾಯಿತು. ಈಜು ಬಲ್ಲವನೆಲ್ಲ ಈಜು ಕಲಿಸಬಲ್ಲನೆಂದು ನಂಬಿದಂತೆ ಇದು ಆಯಿತು.

ಈ ಕೊರತೆಯನ್ನು ತುಂಬುವದಕ್ಕಾಗಿ, 1986ರ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿ, ವಿಶ್ವವಿದ್ಯಾಲಯ ಅನುದಾನ ಆಯೋಗವು 1987ರಲ್ಲಿ 'ಅಕಾಡೆಮಿಕ್ ಸ್ಟಾಫ್ ಕಾಲೇಜು'ಗಳ ಯೋಜನೆಯನ್ನು ತಂದಿತು. ಹೊಸ ಅಧ್ಯಾಪಕರಿಗೆ ನಾಲ್ಕು ವಾರಗಳ ಪರಿಚಯ ಶಿಬಿರ, ಅನುಭವಿಗಳಿಗೆ ಮೂರು ವಾರಗಳ ಪುನಶ್ಚೇತನ ಶಿಬಿರ. ಇದು ಅದರ ಕ್ರಮವಾಗಿತ್ತು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಈ ಕೇಂದ್ರಗಳು ನಡೆದವು. ಇವೇ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಲ್ಲಿ ಪಂಡಿತ ಮದನಮೋಹನ ಮಾಳವೀಯರ ಹೆಸರಿನ ಅಧ್ಯಾಪಕ ತರಬೇತಿ ಕೇಂದ್ರಗಳೆಂದೂ ಹೆಸರು ಪಡೆದವು. ಯೋಜನೆಯು ಉತ್ತಮವಾದದ್ದು. ಆದರೆ ಬೀದರದಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದಾರಿ. ಔರಾದದ ಕಾಲೇಜಿನ ಅಧ್ಯಾಪಕನು ಮನೆಮಠಗಳನ್ನು ಬಿಟ್ಟು ವಾರಗಟ್ಟಲೆ ದೂರವಿರಬೇಕಾಗಿತ್ತು. ಶಿಬಿರದ ಪ್ರಮಾಣಪತ್ರವು ಬಡತಿಗೆ ಅವಶ್ಯವಾದದ್ದರಿಂದ ಹೋಗಲೇಬೇಕಾಗಿತ್ತು. ಹೀಗಾದಾಗ ಕಲಿಕೆಗಿಂತ ಕಾಗದವು ದೊಡ್ಡದಾಗುವ ಅಪಾಯವು ಇದ್ದೇ ಇದೆ.

ಇನ್ನು ಮೂರನೆಯ ಪಲ್ಲಟವಾದ ಸಾಧನಗಳ ವಿಷಯ. 1975ರ ಆಗಸ್ಟದಿಂದ ಒಂದು ವರ್ಷದವರೆಗೆ ಅಮೇರಿಕೆಯ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಜನರು ನೆನೆಯುವದು ಹಳ್ಳಿಗೆ ಬಂದ ಮಾಯಾಪೆಟ್ಟಿಗೆಯನ್ನು. ಆದರೆ ಅದೇ ವರ್ಷ ಅದೇ ಸಾಧನದ ಮೂಲಕ ದೇಶದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನಬೋಧನೆಯ ತರಬೇತಿಯನ್ನು ಕೊಡಲಾಯಿತು. ಆ ತರಬೇತಿಯು ದೂರದರ್ಶನವೊಂದನ್ನೇ ನೆಚ್ಚಿರಲಿಲ್ಲ. ಬಾನುಲಿಯ ಪಾಠ, ಮುದ್ರಿತ ಪುಸ್ತಕ, ಕೈಯಿಂದ ಮಾಡುವ ಪ್ರಯೋಗ, ಜೊತೆಗೆ ಕುಳಿತು ಸಂಶಯ ತೀರಿಸುವ ಮಾರ್ಗದರ್ಶಿ ಇವೆಲ್ಲ ಕೂಡಿದ್ದವು. ಯಂತ್ರವು ದೂರದ ಮಾತನ್ನು ಹತ್ತಿರ ತರಬಲ್ಲದು. ಸಂಶಯವನ್ನು ತೀರಿಸಲು ಎದುರಿಗೆ ಮನುಷ್ಯನು ಬೇಕೆಂಬದನ್ನು ಅದನ್ನು ಯೋಜಿಸಿದವರು ಅರಿತಿದ್ದರು.

ಈ ಅರಿವು ಎಷ್ಟು ಮುಖ್ಯವಾದದ್ದೆಂಬದು 2020ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಕೊರೋನಾ ಬೇನೆಯಿಂದ ಆ ವರ್ಷದ ಮಾರ್ಚ ತಿಂಗಳಿನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದವು. ಕರಿಹಲಗೆಯ ಮುಂದೆ ಇಪ್ಪತ್ತು ಮೂವತ್ತು ವರ್ಷ ನಿಂತ ಅಧ್ಯಾಪಕನು ಒಮ್ಮೆಲೇ ಮೊಬೈಲಿನ ಮುಂದೆ ಕುಳಿತು ಮಾತನಾಡಬೇಕಾಯಿತು. ಶಿಷ್ಯನ ಮುಖವು ಕಾಣುವದಿಲ್ಲ. ತಿಳಿಯಿತೋ ಇಲ್ಲವೋ ಅರಿಯುವ ಉಪಾಯವಿಲ್ಲ. ಬಡವರ ಮನೆಯಲ್ಲಿ ಫೋನು ಇಲ್ಲ, ಇದ್ದಲ್ಲಿ ಹಳ್ಳಿಗೆ ಸಂಪರ್ಕವಿಲ್ಲ. ಅಂಥ ಹೊತ್ತಿನಲ್ಲಿ ಅನೇಕ ಕಡೆ ತರುಣ ಅಧ್ಯಾಪಕರು ಹಿರಿಯರಿಗೆ ಯಂತ್ರವನ್ನು ಹಿಡಿಯುವದನ್ನು ಕಲಿಸಿದರು. ಹಿರಿಯರು ಅವರಿಗೆ ಪಾಠವನ್ನು ಕಟ್ಟುವ ಬಗೆಯನ್ನು ತಿಳಿಸಿದರು. ಕೂಡಿ ಕಲಿಯುವ ಹಳೆಯ ಅಯ್ಯಗಳ ಶಾಲೆಯ ರೀತಿಯೇ ಹೊಸ ವೇಷದಿಂದ ಮರಳಿ ಬಂದಂತಾಯಿತು. 2021ರಲ್ಲಿ ರಾಜ್ಯ ಸರಕಾರವು ಕಾಲೇಜುಗಳಿಗಾಗಿ ಗಣಕಯಂತ್ರದ ಕಲಿಕಾ ವ್ಯವಸ್ಥೆಯನ್ನು ಜಾರಿಗೆ ತಂದಿತು. ಪಾಠ, ಟಿಪ್ಪಣಿ, ಪ್ರಶ್ನೆಗಳನ್ನು ಅಧ್ಯಾಪಕರೇ ಅದರಲ್ಲಿ ಏರಿಸತಕ್ಕದ್ದು. ಗುಂಡಿಯನ್ನು ಒತ್ತುವದು ಒಂದು ದಿನದ ಕಲಿಕೆ. ಯಾವದನ್ನು ತೆರೆಯ ಮೇಲೆ ತೋರಿಸಬೇಕು, ಯಾವದನ್ನು ಬಾಯಿಂದ ಹೇಳಬೇಕು, ಎಲ್ಲಿ ಯಂತ್ರವನ್ನು ನಿಲ್ಲಿಸಿ ಶಿಷ್ಯನನ್ನು ಪ್ರಶ್ನಿಸಬೇಕು ಎಂಬದು ಬಹುಕಾಲದ ಸಾಧನೆ.

ಆ ಸಾಧನೆಗೆ ದಾರಿ ಇಲ್ಲದೆ ಇಲ್ಲ. 1963ರಲ್ಲಿ ಅಮೇರಿಕೆಯ ಸ್ಟ್ಯಾನಫರ್ಡ ವಿಶ್ವವಿದ್ಯಾಲಯದಲ್ಲಿ 'ಸೂಕ್ಷ್ಮ ಬೋಧನೆ' ಎಂಬ ಕ್ರಮವು ಹುಟ್ಟಿತು. ಕೆಲವೇ ವಿದ್ಯಾರ್ಥಿಗಳ ಮುಂದೆ ಐದು ಹತ್ತು ನಿಮಿಷದ ಪಾಠ, ಅದರಲ್ಲಿ ಒಂದೇ ಕೌಶಲದ ಅಭ್ಯಾಸ, ಕೂಡಲೇ ಗುಣದೋಷಗಳ ವಿಮರ್ಶೆ, ಮತ್ತೆ ಅದೇ ಪಾಠ. ಬಿ.ಎಡ್. ವಿದ್ಯಾರ್ಥಿಗಳು ಇದನ್ನು ಬಲ್ಲರು. ಮಠದ ಪಾಠಶಾಲೆಯಲ್ಲಿ ಕಲಿತವರಿಗೂ ಇದು ಅಪರಿಚಿತವೆನಿಸದು. ವಟುವು ಗುರುವಿನೆದುರು ಒಪ್ಪಿಸಿ, ತಪ್ಪನ್ನು ತಿದ್ದಿಸಿಕೊಂಡು, ಮತ್ತೆ ಒಪ್ಪಿಸುವದು ಇದರ ಬಂಧುವೇ ಆಗಿದೆ. ದೊಡ್ಡ ಭಾಷಣಗಳನ್ನು ಕೇಳಿಸುವ ಶಿಬಿರಕ್ಕಿಂತ, ಸಹೋದ್ಯೋಗಿಗಳ ಮುಂದೆ ಒಂದು ಸಣ್ಣ ಪಾಠವನ್ನು ಮಾಡಿ ತಿದ್ದಿಸಿಕೊಳ್ಳುವ ವಿನಯವು ಹೆಚ್ಚು ಫಲಕಾರಿಯಾದದ್ದು.

2023ರಲ್ಲಿ ಬೀದರ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದಿತು. ಅದು ನೆಲೆಗೊಂಡದ್ದು ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ, ಹಿಂದೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಸ್ಥಳದಲ್ಲಿ. ಹೈದರಾಬಾದ, ಧಾರವಾಡ, ಕಲಬುರ್ಗಿಗಳ ಕಡೆಗೆ ನೋಡುತ್ತ ಬಂದ ಈ ಸೀಮೆಯ ಅಧ್ಯಾಪಕರಿಗೆ ಮೊದಲನೆಯ ಸಲ ವಿಶ್ವವಿದ್ಯಾಲಯವು ಮನೆಯ ಹತ್ತಿರವೇ ಬಂದಿದೆ. ಅಲ್ಲಿ ಎಷ್ಟು ತೆರೆಗಳು, ಎಷ್ಟು ಗಣಕಯಂತ್ರಗಳು ಇವೆಯೆಂದು ಕೇಳುವವರು ಬಹಳ ಜನ ಇರುವರು. ಔರಾದದ ಅಧ್ಯಾಪಕನು ಮುಂಜಾನೆ ಬಂದು ಕಲಿತು ಸಂಜೆಗೆ ಮನೆಯನ್ನು ಮುಟ್ಟುವಂತೆ, ತಾನು ಪಾಠ ಹೇಳುವ ಕನ್ನಡದಲ್ಲಿಯೇ ತನ್ನ ಸಂಶಯವನ್ನು ಕೇಳುವಂತೆ, ಪ್ರಮಾಣಪತ್ರದ ಹಂಗಿಲ್ಲದೆ ಮತ್ತೆ ಮತ್ತೆ ಬರುವಂತೆ ಅಲ್ಲಿ ಏರ್ಪಾಡು ಬೆಳೆಯಬೇಕೆಂದು ಕೇಳುವವರು ಸಹ ಬೇಕು. ಆ ಕೇಳಿಕೆಯನ್ನು ಮಠಗಳ ಭಕ್ತರೂ ಶಿಷ್ಯರೂ ತಮ್ಮದಾಗಿ ಮಾಡಿಕೊಳ್ಳುವದು ಉಚಿತವಾಗಿದೆ. ಈ ಸೀಮೆಯಲ್ಲಿ ಕಲಿಸುವವನಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟು ವಿದ್ಯೆಯನ್ನು ಉಳಿಸಿದ ಮನೆತನ ಅವರದು. ಆ ಫಲಕದ ಹಿಂದಿನ ಪಾಠಕ್ಕೆ ಅವರೇ ವಾರಸುದಾರರು.