ಮಾಂಬಲಂನಲ್ಲಿ ಗುಟ್ಟು

ಹೊಟ್ಟೆಪಾಡಿಗೆ ಊರು ಬಿಟ್ಟವರು ಮನೆಯ ಗುಟ್ಟನ್ನು ಊರಿಗೆ ಹೇಗೆ ತಲುಪಿಸಿದರು ಅನ್ನೋದಕ್ಕೂ ಒಂದು ಚರಿತ್ರೆಯಿದೆ. ಕಾರ್ಡು ಬರೆದರೆ ಪೋಸ್ಟ್‌ಮನ್ ಓದಬಹುದಿತ್ತು, ತಂತಿ ಕೊಟ್ಟರೆ ಗುಮಾಸ್ತ ಓದಲೇಬೇಕಿತ್ತು, ಟ್ರಂಕ್ ಕಾಲ್ ಮಾಡಿದರೆ ಆಪರೇಟರ್ ಕಿವಿಗೆ ಬೀಳುತ್ತಿತ್ತು. ಮದ್ರಾಸಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತೆ ಅಂತೀರಾ? ವೆಸ್ಟ್ ಮಾಂಬಲಂನಲ್ಲಿ ಆ ಧೈರ್ಯ ಬೇಡ. ದೊರೆಸ್ವಾಮಿ ಸಬ್‌ವೇ ದಾಟಿ ಈಚೆ ಬಂದರೆ, ಮನೆಯೊಳಗೆ ಕನ್ನಡವಾಡುವ ಮಾಧ್ವ ಕುಟುಂಬಗಳು ಎಷ್ಟೋ.

ಸಂಗೀತ ಬಲ್ಲವರಿಗೆ ಕಟಪಯಾದಿ ಗೊತ್ತು. 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ರಾಗದ ಸಂಖ್ಯೆ ಅಡಗಿದೆ. ಮಾಯಾಮಾಳವಗೌಳದಲ್ಲಿ ಮ ಅಂದರೆ 5, ಯ ಅಂದರೆ 1. ತಿರುಗಿಸಿ ಓದಿದರೆ 15. ಮೇಚಕಲ್ಯಾಣಿ 65. ಎರಡೂ ಸೇರಿದರೆ 1565, ನಮ್ಮ ಶಾಲೆಯ ಮಕ್ಕಳೂ ಬಲ್ಲ ರಕ್ಕಸತಂಗಡಿ ಯುದ್ಧದ ಇಸವಿ! ನಾಲ್ಕಂಕಿಯ ಪಿನ್ ನಂಬರನ್ನು ಹೀಗೆ ಎರಡು ರಾಗದ ಹೆಸರಾಗಿ ಕಳಿಸಿದರೆ ಚೆನ್ನಾಗಿರುತ್ತೆ ಅನ್ನಿಸಬಹುದು. ಆದರೆ ಡಿಸೆಂಬರ್ ಕಚೇರಿಗಳನ್ನು ಬಿಡದೆ ಕೇಳುವ ಈ ಬೀದಿಯ ಮಾಮಿಯರು ಕಾಫಿ ಆರುವ ಮೊದಲೇ ಬಿಡಿಸಿಬಿಡುತ್ತಾರೆ.

ವಿಧಾನ ಎಲ್ಲರಿಗೂ ತಿಳಿದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ವ್ಯವಸ್ಥೆ ಹಾಗಿರಬೇಕು ಎಂದು ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದ. ನಮ್ಮ ಬ್ಯಾಂಕಿನವರು ನಡೆದದ್ದೂ ಇದೇ ದಾರಿಯಲ್ಲಿ. ಟಿ.ಟಿ., ಅಂದರೆ ತಂತಿ ಮೂಲಕ ಹಣ ಕಳಿಸುವಾಗ, ಸಂದೇಶದಲ್ಲಿ ಒಂದು ತಾಳೆ ಸಂಖ್ಯೆ ಇರುತ್ತಿತ್ತು. ಮೊತ್ತ, ತಾರೀಕು ಮುಂತಾದವಕ್ಕೆ ಗುಟ್ಟಿನ ಪಟ್ಟಿಯಿಂದ ಅಂಕಿ ತೆಗೆದು ಲೆಕ್ಕ ಹಾಕಿದ್ದು. ಅದು ತಾಳೆಯಾದರೇ ಆ ಕಡೆ ಹಣ. ತಂತಿ ಗುಮಾಸ್ತ ನೂರು ಸಲ ಓದಲಿ, ಪಟ್ಟಿ ಮಾತ್ರ ತಂತಿಯಲ್ಲಿ ಹೋಗುತ್ತಿರಲಿಲ್ಲ. ಮೊದಲೇ ಬೇರೆ ದಾರಿಯಲ್ಲಿ ಬಂದು ತಿಜೋರಿಯಲ್ಲಿ ಕೂತಿರುತ್ತಿತ್ತು. 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ ಬಂದವು. 2013ರ ಜುಲೈನಲ್ಲಿ ತಂತಿಯೇ ನಿಂತಿತು.

ಬೇರೆ ದಾರಿಯೇ ಇಲ್ಲದಿದ್ದರೆ? 1976ರಲ್ಲಿ ಡಿಫಿ, ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು, ಎಲ್ಲರೂ ಕೇಳುತ್ತಿರುವಾಗಲೇ ಇಬ್ಬರು ಒಂದೇ ಗುಟ್ಟಿನ ಕೀಲಿ ಮಾಡಿಕೊಳ್ಳುವ ಗಣಿತ ಪ್ರಕಟಿಸಿದರು. 2016ರಿಂದ ವಾಟ್ಸಾಪ್‌ನ ಖಾಸಗಿ ಸಂದೇಶಗಳಿಗೆ ಇರುವ ಬೀಗ ಆ ವಂಶದ್ದೇ. ಆದರೆ ಆ ಬೀಗ ದಾರಿಗೆ ಮಾತ್ರ. ಪಾಸ್‌ವರ್ಡ್ ಬರೆದು ಕಳಿಸಿದರೆ ಇಬ್ಬರ ಫೋನಿನಲ್ಲೂ ಹಾಗೇ ಉಳಿಯುತ್ತೆ. ಅಮ್ಮನ ಫೋನು ಯಾರ ಯಾರ ಕೈಗೆ ಹೋಗುತ್ತೋ.

ಅಮ್ಮ ಮೈಸೂರಲ್ಲಿ ಒಬ್ಬರೇ, ಅಪ್ಪನ ಉಳಿತಾಯದಲ್ಲೇ ಅವರ ಜೀವನ. ಹಾಗಾಗಿ ಬ್ಯಾಂಕಿನ ಪಾಸ್‌ವರ್ಡ್, ಓಟಿಪಿ ನಾವಿಬ್ಬರೂ ಹಂಚಿಕೊಳ್ಳುವುದೇ ಇಲ್ಲ. ಖಾತೆ ಜಂಟಿ, ಲಾಗಿನ್ ಬೇರೆ ಬೇರೆ. ಅವರ ಇಮೇಲ್‌ಗೆ ಮಾತ್ರ ಒಂದು ಗುಟ್ಟಿನ ನುಡಿ ಬೇಕಾಯಿತು. ದೇವರನಾಮದ ಸಾಲು ಇಡೋಣ ಅಂದರು. ಬೇಡವೆಂದೆ, ಅದು ಊರಿಗೆಲ್ಲ ಬಾಯಿಪಾಠ. ಕಣ್ಣು ಮುಚ್ಚಿ ನಿಘಂಟಿನ ಆರು ಕಡೆ ಬೆರಳಿಟ್ಟು ಪದ ಆರಿಸಿದೆವು. "ಒಂದಕ್ಕೊಂದು ಸಂಬಂಧವೇ ಇಲ್ವಲ್ಲೋ" ಅಂದರು ಅಮ್ಮ. ಆ ಚೀಟಿ ಈಗ ಅವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿದೆ.